ಡೌನ್‌ಲೋಡ್ ಬಟನ್ ಇಲ್ಲದ ಬೆಳಿಗ್ಗೆ

ಹೆಂಡತಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಟೀ ಕುಡಿಯುತ್ತಿದ್ದಳು. ಅವನು ಬ್ರೆಡ್ಡಿನ ಅಂಚು ಮುರಿಯುತ್ತ ಅವಳನ್ನೇ ನೋಡುತ್ತಿದ್ದ. ಇನ್ನು ಸ್ವಲ್ಪ ಹೊತ್ತಿಗೆ ಇವಳು ಚಪ್ಪಲಿ ಮೆಟ್ಟಿಕೊಂಡು ಆಸ್ಪತ್ರೆಗೆ ಹೋಗುತ್ತಾಳೆ, ತನ್ನ ಮೇಜಿನ ಕಂಪ್ಯೂಟರ್ ಹಾಕುತ್ತಾಳೆ, ಪರದೆಯ ಬಲಮೂಲೆಯಲ್ಲಿ ಇಷ್ಟು ವರ್ಷ ಇದ್ದ ಹಸಿರು ಬಟನ್ನಿಗೆ ಕೈ ಹೋಗುತ್ತದೆ, ಅಲ್ಲಿ ಬಟನ್ ಇರುವುದಿಲ್ಲ. ಹಿಂದಿನ ಸಂಜೆ ಕೆಲಸ ಬಿಡುವ ಮುಂಚೆ ಅದನ್ನು ಕಿತ್ತುಹಾಕಿದವನು ಅವನೇ. ಅದನ್ನು ನೆನೆದಾಗಲೆಲ್ಲ ಹೊಟ್ಟೆಯೊಳಗೆ ತಣ್ಣಗಾಗುತ್ತಿತ್ತು, ಹಗೆ ತೀರಿಸಿಕೊಂಡವನಿಗೆ ಆಗುವ ತಂಪು. ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಅಮ್ಮ, ನಿನ್ನ ಗಂಡನಿಗೆ ಇನ್ನೊಂದು ಬ್ರೆಡ್ಡು ಬೇಕಾ ಕೇಳು ಎಂದು ಸೊಸೆಗೆ ಹೇಳಿದಳು. ಬೇಕಿದ್ದರೆ ತಗೋತಾರೆ ಅತ್ತೆ, ಕೈ ಇದೆಯಲ್ಲ, ಅಂದಳು ಹೆಂಡತಿ. ಅತ್ತೆಯ ಮುಂದೆ ಬಹುವಚನ, ಕೋಣೆಯೊಳಗೆ ಏಕವಚನ, ಆಸ್ಪತ್ರೆಯಲ್ಲಿ ‘ಸಾರ್’. ಇಬ್ಬರೂ ಒಂದೇ ಆಸ್ಪತ್ರೆಯ ಸಂಬಳ ತಿನ್ನುವವರು, ಆದರೆ ಒಟ್ಟಿಗೆ ಹೋಗುವುದಿಲ್ಲ; ಅವಳ ಕೆಲಸ ಬೇಗ ಶುರುವಾಗುತ್ತದೆ ಎನ್ನುವುದು ಹೊರಗೆ ಹೇಳುವ ಕಾರಣ. ಇಬ್ಬರ ನಡುವಿನ ಮಾತುಗಳೆಲ್ಲ ಈಚೆಗೆ ಅಮ್ಮನ ಮೂಲಕವೇ ಓಡಾಡುತ್ತಿದ್ದವು, ಗ್ಯಾಸಿನವನಿಗೆ ಫೋನು ಮಾಡಿದ್ದಾರಾ ಕೇಳಿ ಅತ್ತೆ, ಮಾಡಿದ್ದೀನಂತ ಹೇಳಮ್ಮ. ಅಮ್ಮನಿಗೆ ಈ ಕೆಲಸ ಇಷ್ಟವೇ ಆಗಿತ್ತು. ಈ ಮನೆಯಲ್ಲಿ ತಾನಿಲ್ಲದಿದ್ದರೆ ಗಾಡಿ ಮುಂದೆ ಹೋಗುವುದಿಲ್ಲ ಎಂದು ಪಕ್ಕದ ಮನೆಯವಳ ಹತ್ತಿರ ಹೇಳಿಕೊಳ್ಳುತ್ತಿದ್ದಳು.

ಹೆಂಡತಿ ಹೊರಟಳು. ಬಾಗಿಲು ಎಳೆದುಕೊಂಡ ಸದ್ದಿಗೆ ಅವನು ತಲೆ ಎತ್ತಲಿಲ್ಲ. ಹೋಗು, ಹೋಗಿ ನೋಡು. ಇವತ್ತಾದರೂ ನಾನು ಏನು ಮಾಡಿದ್ದೇನೆ ಅಂತ ಕಣ್ಣು ಬಿಟ್ಟು ನೋಡು.

ಅವನು ಮಾಡಿದ್ದು ಇಷ್ಟು: ಆಸ್ಪತ್ರೆಯ ಎಲ್ಲ ವಾರ್ಡುಗಳನ್ನೂ ಪರದೆಯ ಮೇಲೆ ಇಟ್ಟಿದ್ದ. ಯಾವ ಕೋಣೆಯಲ್ಲಿ ಕೂತವರಾದರೂ ಬ್ರೌಸರ್ ತೆರೆದರೆ ಸಾಕು, ಒಂದೊಂದು ಹಾಸಿಗೆಯೂ ಒಂದೊಂದು ಚೌಕ. ಮುಟ್ಟಿದರೆ ಅಲ್ಲಿ ಮಲಗಿದವರು ಏನು ತಿನ್ನಬೇಕು, ಏನು ತಿನ್ನಬಾರದು ಎಂಬುದು ಬಿಚ್ಚಿಕೊಳ್ಳುತ್ತಿತ್ತು. ಉಪ್ಪಿಲ್ಲದ ಊಟಕ್ಕೆ ನೀಲಿ, ಸಕ್ಕರೆ ಇಲ್ಲದ್ದಕ್ಕೆ ಹಳದಿ, ಅಗಿಯಲಾರದವರ ಮೆತ್ತಗಿನ ಊಟಕ್ಕೆ ಬೂದು. ಆಪರೇಷನ್ನಿಗೆ ಹೋಗುವವರು ಖಾಲಿ ಹೊಟ್ಟೆಯಲ್ಲಿರಬೇಕು, ಆ ಚೌಕ ಕೆಂಪಗೆ ಮಿಣುಕುತ್ತಿತ್ತು. ಆ ಮಿಣುಕು ಕಣ್ಣಿಗೆ ಚುಚ್ಚದೆಯೂ ಗಮನಕ್ಕೆ ಬರುವ ಹಾಗೆ ಮಾಡಲು ಅವನು ಒಂದು ಇಡೀ ವಾರ ತಲೆ ಕೆಡಿಸಿಕೊಂಡಿದ್ದ. ಯಾರು ನೋಡಿದರು? ರೋಗಿಗಳ ಪಥ್ಯ ನೋಡಿಕೊಳ್ಳುವ ಹೆಂಡತಿಯೂ ದಿನಾ ಒಳಗೆ ಬರುತ್ತಿದ್ದಳು, ಬಲಮೂಲೆಯ ಹಸಿರು ಬಟನ್ ಒತ್ತುತ್ತಿದ್ದಳು, ಫೈಲು ಇಳಿಯುತ್ತಿದ್ದ ಹಾಗೇ ಹೊರಗೆ ಹೋಗುತ್ತಿದ್ದಳು. ಆಮೇಲೆ ಆ ಫೈಲನ್ನು ತನ್ನ ಸ್ಪ್ರೆಡ್‌ಶೀಟಿನಲ್ಲಿ ತೆರೆದು, ಕತ್ತರಿಸಿ, ಬಣ್ಣ ಬಳಿದು, ಪ್ರಿಂಟು ತೆಗೆದು ಕೊಡುತ್ತಿದ್ದಳು; ಮಿಕ್ಕವರು ಅದನ್ನು ಗೋಡೆಗೆ ಅಂಟಿಸುತ್ತಿದ್ದರು. ಅರಮನೆ ಕಟ್ಟಿ ಕೊಟ್ಟರೆ ಅಂಗಳದ ನಲ್ಲಿಯಲ್ಲಿ ಒಂದು ಬಿಂದಿಗೆ ನೀರು ಹಿಡಿದುಕೊಂಡು ವಾಪಸಾಗುವ ಜನ. ಅವನ ಅಪ್ಪ ದರ್ಜಿ. ತಾನು ಹೊಲಿದ ಅಂಗಿಯ ತೋಳನ್ನು ಯಾರೋ ಅರ್ಧಕ್ಕೆ ಕತ್ತರಿಸಿಕೊಂಡು ಬೀದಿಯಲ್ಲಿ ಹೋಗುತ್ತಿದ್ದುದನ್ನು ಕಂಡು, ಬಾಯಿ ತುಂಬ ಸೂಜಿ ಕಚ್ಚಿಕೊಂಡೇ ಅಂಗಡಿಯಿಂದ ಇಳಿದು ಅವನ ಹಿಂದೆ ಓಡಿದ್ದನಂತೆ. ಮನೆಯಲ್ಲಿ ಅದನ್ನು ತಮಾಷೆಯ ಕಥೆಯಾಗಿ ಹೇಳುತ್ತಿದ್ದರು. ಅವನಿಗೆ ಯಾವತ್ತೂ ನಗು ಬಂದಿರಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮುಂದಿನ ಸೀಟಿನವನ ಕತ್ತಿನ ಮೇಲೆ ಕತ್ತರಿಸಿದ ಕೂದಲಿನ ಚೂರುಗಳು ಇನ್ನೂ ಅಂಟಿಕೊಂಡಿದ್ದವು. ಅದನ್ನೇ ನೋಡುತ್ತಿದ್ದವನಿಗೆ ನಿನ್ನೆಯ ಮಧ್ಯಾಹ್ನ ಮತ್ತೆ ಬಂತು. ಬೇರೆ ಆಸ್ಪತ್ರೆಗಳವರು ನೋಡಲು ಬಂದಿದ್ದರು. ಅವರಿಗಾಗಿ ಅವನು ಸಭೆಯ ಕೋಣೆಯ ದೊಡ್ಡ ಪರದೆಯಲ್ಲಿ ವಾರ್ಡುಗಳನ್ನು ತೆರೆದಿಟ್ಟು, ಇಸ್ತ್ರಿ ಹಾಕಿದ ಅಂಗಿ ಹಾಕಿಕೊಂಡು ನಿಂತಿದ್ದ. ಬಾಯಿ ತೆರೆಯುವ ಮುಂಚೆಯೇ ಅಡುಗೆಮನೆಯ ಮೇಲ್ವಿಚಾರಕಿ, ಅವಳನ್ನು ಅವನು ಮನಸ್ಸಿನಲ್ಲಿ ಕರೆಯುತ್ತಿದ್ದುದು ಸೌಟು ಎಂದು, ಎದ್ದು ನಿಂತು ಬಣ್ಣಬಣ್ಣದ ಪ್ರಿಂಟು ಒಂದನ್ನು ಬಂದವರ ಕೈಗೆ ಕೊಟ್ಟಳು. ಆಹಾ ಅಂದರು ಅವರು. ಎಷ್ಟು ಅಚ್ಚುಕಟ್ಟು, ಯಾರು ಮಾಡಿದ್ದು ಇದು ಅಂದರು. ನಮ್ಮ ಡಯಟ್ ಮೇಡಂ, ಅಂದಳು ಸೌಟು, ಅವನ ಹೆಂಡತಿಯ ಕಡೆ ಕೈ ತೋರಿಸಿ. ಆಮೇಲೆ ಪಾಪ ಅನ್ನಿಸಿತೇನೋ, ನಮ್ಮ ಕಂಪ್ಯೂಟರ್ ಸಾರ್ ಬಟನ್ ಮಾಡಿಕೊಟ್ಟಿದ್ದಾರೆ, ಅಂತ ಸೇರಿಸಿದಳು. ಎಲ್ಲರೂ ನಕ್ಕರು. ಕೆಟ್ಟದಾಗೇನೂ ನಗಲಿಲ್ಲ, ಮಕ್ಕಳು ಚೆನ್ನಾಗಿ ಪದ್ಯ ಹೇಳಿದಾಗ ನಗುವ ಹಾಗೆ ನಕ್ಕರು. ಹೆಂಡತಿಯೂ ನಕ್ಕಳು. ಅವಳು ಹಲ್ಲು ಕಾಣುವ ಹಾಗೆ ನಕ್ಕಿದ್ದನ್ನು ಅವನು ನೋಡಿ ಎಷ್ಟು ಕಾಲವಾಗಿತ್ತೋ. ಅವನ ಹಿಂದೆ ದೊಡ್ಡ ಪರದೆಯಲ್ಲಿ ಕೆಂಪು ಚೌಕ ಯಾರಿಗೂ ಬೇಡವಾಗಿ ಮಿಣುಕುತ್ತಲೇ ಇತ್ತು.

ಆ ಬಟನ್! ಅದನ್ನು ಅವನು ಭಿಕ್ಷೆ ಹಾಕಿದ ಹಾಗೆ ಹಾಕಿದ್ದು. ಮೊದಲ ವರ್ಷ ಸೌಟು ದಿನಾ ಬಂದು ತಲೆ ತಿನ್ನುತ್ತಿದ್ದಳು, ಸಾರ್, ನಿಮ್ಮ ಟಿವಿ ಚೆನ್ನಾಗಿದೆ, ಆದರೆ ಒಲೆ ಮುಂದೆ ನಿಂತವರು ಟಿವಿ ನೋಡ್ತಾರಾ, ನನಗೆ ಗೋಡೆಗೆ ಅಂಟಿಸೋಕೆ ಒಂದು ಹಾಳೆ ಕೊಡಿ. ಅದಕ್ಕೂ ಮುಂಚೆ, ಎಲ್ಲರಿಗಿಂತ ಮುಂಚೆ, ಅವನು ಮನೆಯ ಊಟದ ಮೇಜಿನ ಮೇಲೆ ಹೆಂಡತಿಗೆ ತೋರಿಸಿದ್ದ. ಇನ್ನೂ ಯಾರೂ ಕಂಡಿರದ ವಾರ್ಡುಗಳು, ಬಣ್ಣ ತುಂಬಿದ ಹಾಸಿಗೆಗಳು. ಅವಳು ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಬಂದು ಬಗ್ಗಿ ನೋಡಿದ್ದಳು. ಅವಳ ಕೂದಲು ಅವನ ಕಿವಿಗೆ ತಾಗಿತ್ತು. ಚೆನ್ನಾಗಿದೆ ಅಂದಿದ್ದಳು. ಆಮೇಲೆ, ಇದನ್ನ ಶೀಟಲ್ಲಿ ತಗೊಳ್ಳೋದು ಹೇಗೆ ಅಂತ ಕೇಳಿದ್ದಳು. ಅವನು ಲ್ಯಾಪ್‌ಟಾಪ್ ಮುಚ್ಚಿದ್ದ. ಅವಳು ಮತ್ತೆ ಕೇಳಿದಾಗ, ನಿನಗೆ ಪಾತ್ರೆ ತೊಳೆಯೋ ಕೆಲಸ ಇತ್ತಲ್ಲ ಅಂದಿದ್ದ. ಬಟನ್ ಮಾಡಿದ್ದು ಅದಾದ ಎಷ್ಟೋ ತಿಂಗಳ ಮೇಲೆ, ಆಡಳಿತಾಧಿಕಾರಿ ಖುದ್ದಾಗಿ ಹೇಳಿದ ಮೇಲೆ, ಒಂದು ಮಧ್ಯಾಹ್ನ ಹಲ್ಲು ಕಚ್ಚಿಕೊಂಡು. ಇಳಿಯುವ ಫೈಲಿನಲ್ಲಿ ಹಾಸಿಗೆ, ಹೆಸರು, ಊಟ, ನಡುನಡುವೆ ಅಲ್ಪವಿರಾಮ, ಸಾಲಿನ ಕೊನೆಗೆ ಹೊಸ ಸಾಲು, ಅಷ್ಟೇ. ಬೇಕಾದವರು ಒಯ್ದು ಏನಾದರೂ ಮಾಡಿಕೊಳ್ಳಲಿ. ಎಷ್ಟು ಸಾಲು ಹೋಗಬೇಕೋ ಅಷ್ಟು ಹೋಗುತ್ತಿವೆಯೇ ಎಂದು ಪರೀಕ್ಷಿಸಿದ್ದ; ಸರಿಯಾಗಿತ್ತು. ಇಳಿದ ಫೈಲನ್ನು ಶೀಟಿನಲ್ಲಿ ಒಮ್ಮೆಯಾದರೂ ತೆರೆದು ನೋಡುವ ಗೋಜಿಗೆ ಅವನು ಹೋಗಿರಲಿಲ್ಲ. ಎಂಜಲು ತಟ್ಟೆಯನ್ನು ಯಾರಾದರೂ ಇಣುಕಿ ನೋಡುತ್ತಾರೆಯೇ?

ಕಂಪ್ಯೂಟರ್ ಕೋಣೆ ಮೆಟ್ಟಿಲಿನ ಕೆಳಗಿತ್ತು. ಮೇಲೆ ಯಾರು ಹತ್ತಿದರೂ ಇಳಿದರೂ ತಲೆಯ ಮೇಲೆ ನಡೆದ ಹಾಗಾಗುತ್ತಿತ್ತು. ಜೊತೆಯಲ್ಲಿ ಕೂರುವವನು ಕಟ್ಟಡಕ್ಕೆಲ್ಲ ನೆಟ್‌ವರ್ಕ್ ತಂತಿ ಎಳೆಯುವ ಕೆಲಸದವನು, ಸಣಕಲ, ಅವನನ್ನು ಎಲ್ಲರೂ ತಂತಿ ಎಂದೇ ಕರೆಯುತ್ತಿದ್ದರು. ತಂತಿ ಇನ್ನೂ ಬಂದಿರಲಿಲ್ಲ. ಅವನು ಕೂತು, ಯಾರು ಯಾವ ಪುಟ ತೆರೆದಿದ್ದಾರೆ ಎಂಬುದು ಸಾಲುಸಾಲಾಗಿ ಬೀಳುವ ಕಿಟಕಿಯನ್ನು ಪರದೆಯಲ್ಲಿ ತೆರೆದ. ದಿನಾ ಇದೊಂದು ಚಟ. ದಿನಾ ಅಲ್ಲಿ ಕಾಣುತ್ತಿದ್ದುದು ಡೌನ್‌ಲೋಡ್, ಡೌನ್‌ಲೋಡ್, ಡೌನ್‌ಲೋಡ್. ಇವತ್ತು ಅವನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. ಹೆಂಡತಿ ಒಂದನೇ ವಾರ್ಡು ತೆರೆದಿದ್ದಳು. ಅದರ ಮುಂದಿನ ಪುಟ. ಅದರ ಮುಂದಿನದು. ಒಂದೊಂದು ಹಾಸಿಗೆಯನ್ನೂ ಮುಟ್ಟಿದ್ದಳು. ಎರಡನೇ ವಾರ್ಡು. ಮೂರನೆಯದು. ಕೆಲವು ಪುಟಗಳಿಗೆ ಮತ್ತೆ ಹಿಂದಿರುಗಿ ಬಂದಿದ್ದಳು. ಇಷ್ಟು ವರ್ಷ ಹೊಸ್ತಿಲಿನಿಂದಲೇ ವಾಪಸಾಗುತ್ತಿದ್ದವಳು ಇವತ್ತು ಕೋಣೆ ಕೋಣೆ ತಿರುಗಿದ್ದಳು. ನೋಡಿದಳು, ಕೊನೆಗೂ ನೋಡಿದಳು. ಸಂಜೆ ಮನೆಗೆ ಹೋದಾಗ ಅಮ್ಮನ ಮೂಲಕವಾದರೂ ಒಂದು ಮಾತು ಹೇಳಬಹುದು, ಅತ್ತೆ, ನಿಮ್ಮ ಮಗ ಮಾಡಿದ್ದನ್ನ ಇವತ್ತು ಪೂರ್ತಿ ನೋಡಿದೆ. ಆ ವಾಕ್ಯವನ್ನು ಅವನು ಅವಳ ದನಿಯಲ್ಲೇ ಎರಡು ಮೂರು ಸಲ ಹೇಳಿಕೊಂಡ. ಬಟನ್ ತೆಗೆದದ್ದು ನಾಲ್ಕು ವರ್ಷ ಮುಂಚೆಯೇ ಮಾಡಬೇಕಿದ್ದ ಕೆಲಸ ಅನ್ನಿಸಿತು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಸೌಟು. ಅವಳು ಕೂಗಲಿಲ್ಲ, ಅದೇ ಅವನಿಗೆ ವಿಚಿತ್ರವೆನಿಸಿತು. ಬಟನ್ ಇಲ್ಲ, ಶೀಟು ಬರಲಿಲ್ಲ, ತಿಂಡಿ ಗಾಡಿಗಳು ಕಾಯುವುದಿಲ್ಲ, ಗೋಡೆಯ ಮೇಲಿದ್ದ ನಿನ್ನೆಯ ಹಾಳೆ ನೋಡಿಕೊಂಡು ಹಂಚಿಬಿಟ್ಟೆವು, ಮೇಡಂ ಕೈಯಲ್ಲಿ ಬರೆದುಕೊಂಡು ಓಡಿ ಬರುವಷ್ಟರಲ್ಲಿ ಟ್ರೇಗಳು ಮೇಲೆ ಹೋಗಿಯಾಗಿತ್ತು, ಎಂದಳು. ಆಮೇಲೆ ಸ್ವಲ್ಪ ತಡೆದು, ಮೂರನೇ ವಾರ್ಡಲ್ಲಿ ಒಬ್ಬರು ತಿಂದುಬಿಟ್ಟಿದ್ದಾರೆ ಸಾರ್, ಅವರಿಗೆ ಇವತ್ತು ಆಪರೇಷನ್ ಇತ್ತು, ಅಂದಳು. ಎದುರಿನ ಪರದೆಯಲ್ಲಿ ಹೆಂಡತಿ ತಿರುಗಿದ ಪುಟಗಳ ಸಾಲು ಇನ್ನೂ ಇತ್ತು. ಒಂದು ಪುಟ ತೆರೆದದ್ದಕ್ಕೂ ಮುಂದಿನ ಪುಟ ತೆರೆದದ್ದಕ್ಕೂ ನಡುವೆ, ಪೆನ್ನಿನಲ್ಲಿ ಬರೆದುಕೊಳ್ಳಲು ಎಷ್ಟು ಬೇಕೋ ಅಷ್ಟು ಹೊತ್ತು. ಹಿಂದಿರುಗಿ ಬಂದಿದ್ದು ಗಡಿಬಿಡಿಯಲ್ಲಿ ಬರೆದದ್ದು ಸರಿಯೋ ಎಂದು ನೋಡುವುದಕ್ಕೆ.

ತಂತಿ ಬಂದವನೇ ನಗುತ್ತ ಚೀಲ ಇಳಿಸಿದ. ಆಸ್ಪತ್ರೆಯಲ್ಲೆಲ್ಲ ಅದೇ ಸುದ್ದಿಯಂತೆ. ಪೇಷಂಟಿನ ತಲೆದೆಸೆಯಲ್ಲಿ ಊಟ ಕೊಡಬಾರದು ಅನ್ನುವ ಬೋರ್ಡು ತೂಗುಹಾಕಲು ನರ್ಸ್ ಮರೆತಿದ್ದಳಂತೆ, ಟ್ರೇ ಬಂತಲ್ಲ ಎಂದು ಆ ಮುದುಕ ಗಂಜಿಯೆಲ್ಲ ಖಾಲಿ ಮಾಡಿ ತಟ್ಟೆ ಒರೆಸಿದ್ದನಂತೆ, ಥಿಯೇಟರ್ ಬಾಗಿಲಿಗೆ ಹೋದ ಮೇಲೆ ಗೊತ್ತಾಗಿ ವಾಪಸ್ ಕಳಿಸಿದರಂತೆ, ಮಗಳು ಹೊರಗೆ ಕೂತು ಅಳುತ್ತಿದ್ದಾಳಂತೆ. ಬಟನ್ ಎಲ್ಲಿ ಹೋಯಿತು ಸಾರ್ ಎಂದು ಕೇಳಿದ. ಅವನು, ನೋಡ್ತಾ ಇದೀನಿ ಅಂದ. ತಂತಿ ಅವನ ಮುಖವನ್ನೊಮ್ಮೆ ನೋಡಿ, ಗೊತ್ತಾದರೂ ಗೊತ್ತಾಗದವನ ಹಾಗೆ ತನ್ನ ಸ್ಕ್ರೂಡ್ರೈವರುಗಳನ್ನು ಜೋಡಿಸತೊಡಗಿದ. ಮಾಡಿದ್ದುಣ್ಣೋ ಮಹರಾಯ, ಅಂತ ಗೊಣಗಿಕೊಂಡ. ಅದನ್ನು ಯಾರಿಗೆ ಹೇಳಿದ್ದು ಎಂದು ಕೇಳಿದರೆ, ಮುದುಕನಿಗೆ ಅನ್ನುತ್ತಿದ್ದ. ಈ ಆಸ್ಪತ್ರೆಯಲ್ಲಿ ಎಲ್ಲರಿಗೂ ಇಂಥ ಒಂದು ಹಿಂಬಾಗಿಲು ಇರುತ್ತದೆ. ಅವನಿಗೆ ತಂತಿಯ ಮೇಲೆ, ಆ ಮುದುಕನ ಮೇಲೆ, ಬೋರ್ಡು ಮರೆತ ನರ್ಸಿನ ಮೇಲೆ ಒಟ್ಟೊಟ್ಟಿಗೆ ರೇಗಿತು. ಪರದೆಯ ಮೇಲೆ ಕೆಂಪಗೆ ಮಿಣುಕುತ್ತಿತ್ತಲ್ಲ. ಎಲ್ಲರೂ ಪರದೆ ನೋಡಿದ್ದರೆ ಹೀಗಾಗುತ್ತಿತ್ತೇ? ಆ ಮಾತು ತಲೆಯೊಳಗೆ ತುಂಬ ಸರಿಯಾಗಿ ಕೇಳಿಸಿತು. ಹೊರಗೆ ಹೇಳಿ ನೋಡಲು ಧೈರ್ಯ ಬರಲಿಲ್ಲ. ಆಡಳಿತಾಧಿಕಾರಿ ಕರೆಯುತ್ತಿದ್ದಾರೆ ಎಂದು ಮೇಲಿನಿಂದ ಕರೆ ಬಂತು.

ಎರಡನೇ ಮಹಡಿಯ ಕಾರಿಡಾರಿಗೆ ತಿರುಗಿದಾಗ ಸರ್ಜನ್ ಕಂಡರು. ಹಸಿರು ಟೋಪಿ ಇನ್ನೂ ತಲೆಯ ಮೇಲಿತ್ತು. ಅವರ ಎದುರಿಗೆ ಹೆಂಡತಿ ನಿಂತಿದ್ದಳು, ಕೈಯಲ್ಲಿ ಕೈಬರಹದ ಹಾಳೆಗಳು, ತುದಿ ಮುದುಡಿ ಹೋಗಿದ್ದವು. ಗೋಡೆಯ ಪಕ್ಕದ ಬೆಂಚಿನಲ್ಲಿ ಕಾಯುತ್ತಿದ್ದ ರೋಗಿಗಳೆಲ್ಲ, ಬೇರೆಯವರ ಮನೆಯ ಜಗಳ ನೋಡುವ ಉತ್ಸಾಹದಲ್ಲಿ, ಕತ್ತು ಆ ಕಡೆಗೆ ಹೊರಳಿಸಿ ಕೂತಿದ್ದರು. ನಿಮ್ಮ ಕೆಲಸ ಏನು ಇಲ್ಲಿ, ಯಾರು ತಿನ್ನಬೇಕು ಯಾರು ತಿನ್ನಬಾರದು ಅಂತ ಹೇಳೋದು ತಾನೇ, ಅದೊಂದನ್ನ ಮಾಡೋಕಾಗಲ್ವಾ ನಿಮಗೆ, ಅಂತ ಸರ್ಜನ್ ಕೇಳುತ್ತಿದ್ದರು. ಅವರ ದನಿ ಏರಿರಲಿಲ್ಲ. ಪ್ರತಿ ಶಬ್ದವನ್ನೂ ಬಿಡಿಸಿ ಬಿಡಿಸಿ, ಕಿವಿ ಮಂದವಾದವರಿಗೆ ಹೇಳುವ ಹಾಗೆ ಹೇಳುತ್ತಿದ್ದರು. ಬಟನ್ ಇರಲಿಲ್ಲ ಎಂದು ಈಗ ಹೇಳುತ್ತಾಳೆ, ನನ್ನ ಗಂಡ ತೆಗೆದಿದ್ದಾನೆ ಎಂದು ಹೇಳುತ್ತಾಳೆ, ಎಂದು ಅವನು ಅಲ್ಲೇ ನಿಂತು ಕಾದ. ಹೇಳಿಬಿಡಲಿ ಎಂದೂ ಅನ್ನಿಸಿತು. ಹಾಗೆ ಹೇಳಿದರೆ ತಾನು ಮುಂದೆ ಬಂದು ಮಾತಿಗೆ ಮಾತು ಕೊಡಬಹುದು, ಜಗಳ ತನ್ನದಾಗುತ್ತದೆ, ಜಗಳದಲ್ಲಿ ತನಗೆ ಅಭ್ಯಾಸವಿದೆ. ಅವಳು, ತಪ್ಪಾಯ್ತು ಸಾರ್, ನಾಳೆಯಿಂದ ಹೀಗಾಗಲ್ಲ ಅಂದಳು. ತಲೆ ಎತ್ತಿದಾಗ ಸರ್ಜನ್ನರ ಭುಜದ ಮೇಲಿಂದ ಅವಳ ಕಣ್ಣು ನೇರವಾಗಿ ಅವನ ಮೇಲೆ ಬಿತ್ತು. ಅವನು ಪಕ್ಕದ ಗೋಡೆಗೆ ತಿರುಗಿದ. ಬೆಂಕಿ ಬಿದ್ದರೆ ಏನು ಮಾಡಬೇಕೆಂದು ಅಲ್ಲಿ ಬರೆದಿತ್ತು. ಗಾಬರಿಯಾಗಬೇಡಿ, ಲಿಫ್ಟ್ ಬಳಸಬೇಡಿ, ಹತ್ತಿರದ ಮೆಟ್ಟಿಲಿನಿಂದ ಇಳಿಯಿರಿ. ಅದನ್ನು ಪೂರ್ತಿ ಓದಿ, ಮತ್ತೆ ಮೊದಲಿನಿಂದ ಓದಿ, ಹೆಜ್ಜೆಯ ಸದ್ದುಗಳು ದೂರವಾದ ಮೇಲೆ ಅವನು ಮುಂದೆ ನಡೆದ.

ಆಡಳಿತಾಧಿಕಾರಿ ಒಳ್ಳೆಯ ಮನುಷ್ಯ, ಎಲ್ಲರಿಗೂ ಟೀ ತರಿಸುತ್ತಿದ್ದ. ಅವನ ಒಳ್ಳೆಯತನವನ್ನು ಸಹಿಸುವುದೇ ಕಷ್ಟ. ಕೂತ್ಕೊಳಿ ಕೂತ್ಕೊಳಿ, ಇದೇನು ಹೀಗಾಯಿತು, ಬಟನ್ ತಾನಾಗಿಯೇ ಹೋಯಿತೋ ಯಾರಾದರೂ ತೆಗೆದರೋ, ಎಂದು ಸಕ್ಕರೆ ಕದಡುತ್ತ ಕೇಳಿದ. ಉತ್ತರ ಗೊತ್ತಿದ್ದೇ ಕೇಳುತ್ತಿದ್ದಾನೋ ಎಂದು ಅವನಿಗೆ ಅನುಮಾನವಾಯಿತು. ಸರ್ವರ್ ತೊಂದರೆ ಅಂದ. ಅಂದ ಮೇಲೆ ಆ ಎರಡು ಶಬ್ದಗಳು ಎಷ್ಟು ಆರಾಮವಾಗಿವೆ ಅನ್ನಿಸಿತು. ಅದರಲ್ಲಿ ಯಾರೂ ಇರಲಿಲ್ಲ, ಅವನೂ ಇರಲಿಲ್ಲ, ಅವಳೂ ಇರಲಿಲ್ಲ. ಆಡಳಿತಾಧಿಕಾರಿ ತಲೆಯಾಡಿಸಿದ. ಮಶೀನು ಅಂದ ಮೇಲೆ ಕೆಡುತ್ತದೆ, ಆದರೆ ಕೆಟ್ಟಿದೆ ಎಂದು ಗೊತ್ತಾದ ಕೂಡಲೇ ಮೇಡಂ ಅಡುಗೆಮನೆಗೆ ಫೋನು ಮಾಡಿ ಗಾಡಿ ನಿಲ್ಲಿಸಬೇಕಿತ್ತಲ್ಲ, ಸರ್ಜನ್ ಬರವಣಿಗೆಯಲ್ಲಿ ಉತ್ತರ ಕೇಳುತ್ತಿದ್ದಾರೆ, ಮೇಡಂಗೆ ಒಂದು ಮೆಮೊ ಕೊಡಲೇಬೇಕಾಗುತ್ತದೆ, ನಿಮ್ಮ ಮನೆಯವರು ಅಂತ ಬೇಜಾರು ಮಾಡ್ಕೋಬೇಡಿ, ಅಂದ. ಈಗ, ಈಗಲೇ ಹೇಳಬೇಕು. ಒಂದೇ ಒಂದು ವಾಕ್ಯ. ಅವನು ಟೀಯ ಮೇಲಿನ ಕೆನೆಯನ್ನು ಚಮಚದಿಂದ ಒಂದು ಪಕ್ಕಕ್ಕೆ ಸರಿಸಿದ. ನಿನ್ನೆ ಅವಳು ನಕ್ಕಿದ್ದು ಕಣ್ಣಿಗೆ ಬಂತು. ಆ ನೆನಪನ್ನು ಅವನೇ ಹಿಡಿದು ಎಳೆದುಕೊಂಡ, ಬೇಕಾಗಿತ್ತು ಅದು ಈ ಹೊತ್ತಿನಲ್ಲಿ. ಒಂದು ಮೆಮೊ ಬಂದರೆ ಏನೂ ಆಗುವುದಿಲ್ಲ, ಯಾರಿಗೆ ಬಂದಿಲ್ಲ. ಟೀ ಮುಗಿಯುವ ಹೊತ್ತಿಗೆ ಆಡಳಿತಾಧಿಕಾರಿ ಇನ್ನೊಂದು ಮಾತು ಹೇಳಿದ, ಹೊಗಳುವ ದನಿಯಲ್ಲೇ.

“ನಿಜ ಹೇಳಬೇಕು ಅಂದ್ರೆ ಆ ಬಟನ್ ಒಂದಿದ್ರೆ ಸಾಕು ನಮಗೆ. ಮಿಕ್ಕಿದ್ದಕ್ಕೆಲ್ಲ ನೀವು ಸುಮ್ಮನೆ ಕಷ್ಟ ಪಡ್ತೀರಿ. ಮೊದಲೇ ಕೇಳಿದ್ರೆ ಹೇಳ್ತಿದ್ವಿ.”

ಕೆಳಗೆ ಬಂದು ಕೂತವನಿಗೆ ಬಟನ್ ವಾಪಸ್ ಹಾಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ತೆಗೆದದ್ದು ಒಂದೇ ಸಾಲು, ಹಾಕಿದ್ದೂ ಒಂದೇ ಸಾಲು. ಹಸಿರು ಬಟನ್ ಬಲಮೂಲೆಯಲ್ಲಿ, ಮನೆ ಬಿಟ್ಟೇ ಹೋಗಿರಲಿಲ್ಲವೆನ್ನುವ ಹಾಗೆ ಬಂದು ಕೂತಿತು. ಅದನ್ನು ಅವನು ತುಂಬಾ ಹೊತ್ತು ದ್ವೇಷದಿಂದ ನೋಡಿದ. ಆ ಬಟನ್ನಿಗಿಂತ ಹೆಚ್ಚಾಗಿ ತನ್ನನ್ನೇ ದ್ವೇಷಿಸಬೇಕಾದ ಹೊತ್ತು ಇದು ಎಂದು ಒಳಗೆಲ್ಲೋ ಗೊತ್ತಿತ್ತು, ಆದರೆ ಅದು ಸುಲಭವಲ್ಲ, ಅದಕ್ಕೆ ಬೇರೆಯೇ ಒಂದು ಸಾಮರ್ಥ್ಯ ಬೇಕು. ತಲೆಯ ಮೇಲೆ ಮೆಟ್ಟಿಲಿನಲ್ಲಿ ಯಾರೋ ಇಳಿಯುತ್ತಿದ್ದರು. ಅವಳದೇ ಹೆಜ್ಜೆ ಎಂದು ಗುರುತು ಸಿಕ್ಕಿತು. ಎಡಗಾಲಿನ ಚಪ್ಪಲಿ ಸ್ವಲ್ಪ ಎಳೆದು ಇಡುತ್ತಿದ್ದಳು, ಮದುವೆಯಾದಾಗಿನಿಂದಲೂ. ಈ ಕೋಣೆಗೆ ಅವಳು ಯಾವತ್ತೂ ಬಂದಿರಲಿಲ್ಲ. ಬಾಗಿಲಲ್ಲಿ ನಿಂತು, ಬರಬಹುದಾ ಸಾರ್ ಅಂದಳು. ತಂತಿ ಎದ್ದು, ಮೇಲೆ ಒಂದು ಕೆಲಸ ಇತ್ತು ಎಂದು ಯಾರೂ ಕೇಳದಿದ್ದರೂ ಹೇಳಿ, ಒಂದು ಸ್ಕ್ರೂಡ್ರೈವರ್ ಹಿಡಿದುಕೊಂಡು ಹೊರಗೆ ಹೋದ.

ಅವಳ ಕೈಯಲ್ಲಿ ಮಡಚಿದ ಒಂದು ಕಾಗದವಿತ್ತು. ಮೆಮೊ ಎಂದು ಕೇಳದೆಯೇ ತಿಳಿಯಿತು. ಅವಳು ಅದನ್ನು ತೋರಿಸಲೂ ಇಲ್ಲ, ಮುಚ್ಚಿಡಲೂ ಇಲ್ಲ. ಸರ್ವರ್ ತೊಂದರೆ ಅಂತ ಹೇಳಿದೀನಿ, ಅಂದ. ಅವಳು ಹೇಳಿದಳು, ಗೊತ್ತು, ಮೆಮೊ ಕೊಡುವಾಗ ಅವರೇ ಹೇಳಿದರು. ಬಟನ್ ತೆಗೆದಿದ್ದು ನೀನೇ ಅಂತಾನೂ ಬೆಳಿಗ್ಗೆಯೇ ಗೊತ್ತಾಯಿತು, ಟೀ ಕುಡೀವಾಗ ನೀನು ನನ್ನ ಮುಖ ನೋಡಿದ್ದು ಎಷ್ಟೋ ವರ್ಷದ ಮೇಲೆ, ಏನೋ ಮಾಡಿಟ್ಟಿದ್ದೀಯ ಅಂದ್ಕೊಂಡೆ. ಇಷ್ಟನ್ನು ಅವಳು ಸಿಟ್ಟಿಲ್ಲದೆ ಹೇಳಿದಳು. ಸಿಟ್ಟು ಮಾಡಿಕೊಂಡಿದ್ದರೆ ಅವನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಹಾಗಾದರೆ ಮೇಲೆ ಯಾಕೆ ಹೇಳಲಿಲ್ಲ ಅಂದ. ಆ ಪ್ರಶ್ನೆ ಬೈಗುಳದ ಹಾಗೆ ಹೊರಬಂತು. ಆ ಮುದುಕರಿಗೆ ನಾಳೆಗೆ ಮತ್ತೆ ಆಪರೇಷನ್ ಹಾಕಿದ್ದಾರೆ, ಮಧ್ಯಾಹ್ನದ ಊಟದ ಶೀಟು ಈಗಲೇ ಬೇಕು, ಬಟನ್ ಬಂದಿದೆಯಾ ಅಂತ ಕೇಳಿದಳು. ಬಂದಿದೆ ಅಂದ. ಒತ್ತು, ಅಂದಳು. ಅವನು ಒತ್ತಿದ. ಫೈಲು ಇಳಿಯಿತು. ತೆಗಿ, ಅಂದಳು.

ಅವನು ತೆರೆದ. ಮೊದಲು ಅದು ಬೇರೆ ಯಾರದೋ ಫೈಲು ಅನ್ನಿಸಿತು. ಹೆಸರುಗಳಿರಬೇಕಾದ ಕಡೆ ಹೆಸರುಗಳಿರಲಿಲ್ಲ, ಒಡೆದ ಬಳೆಯ ಚೂರುಗಳಂಥ ಗೀಟುಗಳು, ಪ್ರಶ್ನೆ ಚಿಹ್ನೆಗಳು, ಯಾವ ಭಾಷೆಗೂ ಸೇರದ ಅಕ್ಷರಗಳು. ಹಾಸಿಗೆಗಳಿರಬೇಕಾದ ಕಡೆ ತಾರೀಖುಗಳಿದ್ದವು. ಏಪ್ರಿಲ್ ಮೂರು. ಮೇ ಮೂರು. ಜೂನ್ ಮೂರು. ಅವನು ಕಣ್ಣು ಕಿರಿದು ಮಾಡಿ ನೋಡುತ್ತಲೇ ಇದ್ದ, ಅರ್ಥವಾಗುವ ತನಕ. ಆಸ್ಪತ್ರೆಯಲ್ಲಿ ಮೂರನೇ ವಾರ್ಡಿನ ನಾಲ್ಕನೇ ಹಾಸಿಗೆಯನ್ನು ಮೂರು, ಗೆರೆ, ನಾಲ್ಕು ಎಂದು ಬರೆಯುವುದು ರೂಢಿ. ಎರಡು ಅಂಕಿಗಳ ನಡುವೆ ಒಂದು ಗೆರೆ ಕಂಡರೆ ಶೀಟು ಅದನ್ನು ನಾಲ್ಕನೇ ತಿಂಗಳ ಮೂರನೇ ತಾರೀಖು ಎಂದುಕೊಳ್ಳುತ್ತದೆ, ಹೀಗೆ ಎಂದು ಹೇಳದಿದ್ದರೆ ತನಗೆ ತೋಚಿದಂತೆ ಊಹಿಸುತ್ತದೆ; ಕನ್ನಡದ ಹೆಸರುಗಳೂ ಹಾಗೆ ಹೇಳದೆ ಕಳಿಸಿದ್ದರಿಂದಲೇ ಒಡೆದಿದ್ದವು. ಇದನ್ನು ಈ ಕೆಲಸ ಕಲಿಯುವ ಮೊದಲ ತಿಂಗಳೇ ಎಲ್ಲರಿಗೂ ಹೇಳಿಕೊಡುತ್ತಾರೆ. ಅವನೂ ಬೇರೆಯವರಿಗೆ ಹೇಳಿಕೊಟ್ಟಿದ್ದ, ನಕ್ಕಿದ್ದ. ಹನ್ನೆರಡನೇ ಹಾಸಿಗೆ ದಾಟಿದರೆ ವರ್ಷದ ತಿಂಗಳುಗಳೇ ಮುಗಿಯುತ್ತವೆ, ಆಗ ಇನ್ನೊಂದು ಬಗೆಯ ಅವಾಂತರ. ಇಷ್ಟು ದಿನ ಈ ಹಾಳೆ ಗೋಡೆಯ ಮೇಲೆ ಏರಿದ್ದು ಹೇಗೆ?

“ಇವತ್ತು ಕೆಟ್ಟಿದ್ದಾ ಇದು?”

“ದಿನಾ ಹೀಗೇ ಬರೋದು,” ಅಂದಳು ಅವಳು. “ಮೊದಲ ದಿನದಿಂದ. ಹಾಸಿಗೆ ನಂಬರನ್ನೆಲ್ಲ ಅಳಿಸಿ ಮತ್ತೆ ಟೈಪ್ ಮಾಡ್ತೀನಿ. ಹೆಸರು ವಾರ್ಡಿನ ರಿಜಿಸ್ಟರ್ ನೋಡಿ ಹಾಕ್ತೀನಿ. ಅದಕ್ಕೇ ಬೇಗ ಹೋಗೋದು.”

ಅದಕ್ಕೇ ಬೇಗ ಹೋಗೋದು. ತನ್ನ ಜೊತೆ ಬಸ್ಸು ಹತ್ತಲು ಇಷ್ಟವಿಲ್ಲದೆ ಬೇಗ ಹೋಗುತ್ತಾಳೆ ಎಂದು ಅವನು ಅಂದುಕೊಂಡಿದ್ದ. ಹಾಗೆ ಅಂದುಕೊಂಡು, ಆ ಅವಮಾನವನ್ನು ದಿನಾ ಬೆಳಿಗ್ಗೆ ಹಲ್ಲುಜ್ಜುವ ಹಾಗೆ ಉಜ್ಜಿಕೊಂಡು ಹೊರಡುತ್ತಿದ್ದ. ಈಗ ಆ ಅವಮಾನವೂ ಕೈಬಿಟ್ಟು ಹೋಯಿತು. ನಿನ್ನೆ ಬಂದವರು ಆಹಾ ಅಂದದ್ದು ಯಾವುದಕ್ಕೆಂದು ಹೊಳೆಯಿತು. ಅವಳು ನಕ್ಕಿದ್ದೂ. ಅವನು ಮಾಡಿಕೊಟ್ಟಿದ್ದ ಆ ಒಂದು ಬಟನ್ನೂ ಸರಿ ಇಲ್ಲವೆಂದು ಆ ಕೋಣೆಯಲ್ಲಿ ಗೊತ್ತಿದ್ದವಳು ಅವಳೊಬ್ಬಳೇ, ಎಲ್ಲರ ಜೊತೆ ನಕ್ಕು ಸುಮ್ಮನಿದ್ದಳು. ಕೃತಜ್ಞತೆ ಬರಬೇಕಿತ್ತು. ಬಂದದ್ದು ಉರಿ. ಬೆನ್ನ ಹಿಂದೆ ನಿಂತು ದಿನಾ ತನ್ನ ಮರ್ಯಾದೆಯನ್ನು ತೇಪೆ ಹಾಕಿ ಹಾಕಿ ಕಾಪಾಡಲು ಇವಳಿಗೆ ಯಾರು ಹೇಳಿದ್ದರು?

“ನನಗೊಂದು ಮಾತು ಹೇಳಬಾರದಿತ್ತಾ? ಹತ್ತು ನಿಮಿಷದ ಕೆಲಸ ಇದು. ಇಷ್ಟು ವರ್ಷ ಟೈಪ್ ಮಾಡ್ಕೊಂಡು ಕೂತಿದ್ದೀಯಲ್ಲ.”

ಅವಳು ಅವನನ್ನು ನೋಡಿದಳು. ತೀರಾ ಸಾಧಾರಣ ನೋಟ, ಹಾಸಿಗೆಯಲ್ಲಿ ಮಲಗಿದವನನ್ನು ನೋಡಿ ಇವನಿಗೆ ಏನು ಕೊಟ್ಟರೆ ಅರಗುತ್ತದೆ ಎಂದು ಅಂದಾಜು ಮಾಡುವವರ ನೋಟ.

“ನಿನಗೆ ಹೇಳೋದಕ್ಕಿಂತ ದಿನಾ ನಾನೇ ಸರಿ ಮಾಡ್ಕೊಳ್ಳೋದು ಸುಲಭ ಅನ್ನಿಸ್ತು.”

ತಲೆಯ ಮೇಲೆ ಯಾರೋ ಟ್ರಾಲಿ ಎಳೆದುಕೊಂಡು ಹೋದರು. ಅವನು ಪರದೆಯ ಕಡೆಗೆ ತಿರುಗಿದ. ಏಪ್ರಿಲ್ ಮೂರು, ಮೇ ಮೂರು, ಜೂನ್ ಮೂರು. ಮನೆಯಲ್ಲಿ ಕೆಟ್ಟಿದ್ದು ತಾನಾಗಿಯೇ ಸರಿಹೋಗುತ್ತದೆ ಎಂದು ಅವನು ನಂಬಿದ್ದ ಎಷ್ಟೋ ಸಂಗತಿಗಳು ನೆನಪಿಗೆ ಬಂದವು. ಅವನು ತಂಗಿಯ ಗಂಡನಿಗೆ ಫೋನಿನಲ್ಲಿ ಬಾಯಿಗೆ ಬಂದ ಹಾಗೆ ಅಂದ ಮೇಲೂ ತಂಗಿ ಮನೆಗೆ ಬರುವುದು ನಿಲ್ಲಿಸಿರಲಿಲ್ಲ. ಊಟದ ತಟ್ಟೆ ನೂಕಿ ಎದ್ದ ರಾತ್ರಿಯ ಮಾರನೇ ದಿನ ಅಮ್ಮ ಅದನ್ನು ಮರೆತೇಬಿಟ್ಟಿರುತ್ತಿದ್ದಳು. ಪಕ್ಕದ ಮನೆಯವರು ಜಗಳದ ಮೇಲೆ ಎರಡೇ ದಿನಕ್ಕೆ ಮತ್ತೆ ನಗುತ್ತಿದ್ದರು. ಜನ ಒಳ್ಳೆಯವರು, ಸಿಟ್ಟು ಇಟ್ಟುಕೊಳ್ಳುವುದಿಲ್ಲ, ಎಂದು ಅವನು ಅಂದುಕೊಂಡಿದ್ದ. ಯಾರು ಯಾರ ಹತ್ತಿರ ಇವಳು ಹೋಗಿ ಕೂತು ಏನೇನು ಅಳಿಸಿ ಏನೇನು ಬರೆದು ಬಂದಿದ್ದಳೋ. ಎಷ್ಟು ಬೇಗ ಎದ್ದು ಹೋಗಿದ್ದಳೋ. ಕೀಬೋರ್ಡಿನ ಮೇಲಿದ್ದ ಬೆರಳುಗಳನ್ನು ತೆಗೆಯದೆ, ಅವಳ ಕಡೆಗೆ ತಿರುಗದೆ ಕೇಳಿದ.

“ಇನ್ನೂ ಏನೇನಿದೆ?”

ಅವಳ ಕೈಯಲ್ಲಿ ಕಾಗದ ಸರಸರ ಅಂದಿತು.

“ಫೈಲಲ್ಲೋ?”

ಅಲ್ಲ ಅಂದರೆ ಸಾಕಿತ್ತು. ಆ ಎರಡಕ್ಷರ ನಾಲಿಗೆಯ ತುದಿಗೆ ಬಂದಿತ್ತು, ಅದರ ರುಚಿ ಕೂಡ ಅವನಿಗೆ ಗೊತ್ತಾಯಿತು. ಅವಳೂ ಕಾಯುತ್ತಿದ್ದಳು, ಹಿಂದೆ ತಿರುಗದೆಯೂ ಅವನಿಗೆ ಅದು ತಿಳಿಯುತ್ತಿತ್ತು, ಅವಳ ಕೈಯ ಕಾಗದದ ಸದ್ದು ನಿಂತುಹೋಗಿತ್ತು.

“ಹ್ಞೂ, ಫೈಲಲ್ಲಿ,” ಅಂದ.

“ಹಾಗಾದ್ರೆ ಬರ್ಕೋ,” ಅಂದಳು ಅವಳು, ಕುರ್ಚಿ ಎಳೆದುಕೊಳ್ಳದೆ, ನಿಂತೇ.